ಚುನಾವಣೆಯ ದಿನ ನುಂಗಿದ ನೆಗಡಿ ಮದ್ದುಗಳು

ಚುನಾವಣೆ ಡ್ಯೂಟಿಯ ಆದೇಶ ಕೈಗೆ ಬಂದಾಗ ನನಗೆ ನೆಗಡಿ ಇರಲಿಲ್ಲ. ಹೊರಡುವ ಹಿಂದಿನ ಸಂಜೆ ಗಂಟಲಲ್ಲಿ ಕೆರೆತ ಶುರುವಾಯಿತು, ಬೆಳಗಾಗುವಷ್ಟರಲ್ಲಿ ಮೂಗು ಒಡೆದ ನಲ್ಲಿಯ ಹಾಗೆ ಸೋರುತ್ತಿತ್ತು.

ನಾನು ಕಂಪ್ಲಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಐವತ್ತೈದು ದಾಟಿದೆ. ಆ ಸಲ ಸಂಡೂರು ಕಡೆಯ ಗುಡ್ಡದ ಹಳ್ಳಿಯೊಂದರ ಮತಗಟ್ಟೆಗೆ ನನ್ನನ್ನು ಮುಖ್ಯ ಅಧಿಕಾರಿಯಾಗಿ ಹಾಕಿದ್ದರು. ಮತಯಂತ್ರ, ಮೊಹರು, ಲಕೋಟೆ, ಏಜೆಂಟರ ತಕರಾರು ಎಲ್ಲಕ್ಕೂ ಆ ಒಂದು ದಿನ ನಾನೇ ಹೊಣೆ. ನೆಗಡಿ ಬಂದಿದೆ, ಬಿಡಿಸಿ ಎಂದು ಅರ್ಜಿ ಹಿಡಿದು ಹೋದರೆ ಕಚೇರಿಯವರು ನಕ್ಕು ಕಳಿಸುತ್ತಾರೆ. ಹಾಗಾಗಿ ಬ್ಯಾಗಿಗೆ ಒಂದು ಜೊತೆ ಬಟ್ಟೆ, ಟವೆಲ್ಲು, ಹೊದಿಕೆ ತುಂಬಿಕೊಂಡೆ.

ಹೆಂಡತಿ ಅಡುಗೆಮನೆಯ ಡಬ್ಬಿಯಿಂದ ಹಳದಿ ಗುಳಿಗೆಯ ಒಂದು ಪಟ್ಟಿ ತಂದುಕೊಟ್ಟಳು. ನಮ್ಮ ಮನೆಯಲ್ಲಿ ಯಾರಿಗೆ ಸೀನು ಬಂದರೂ ಅದೇ.

"ಮುಂಜಾನಿ ಒಂದು, ರಾತ್ರಿ ಒಂದು ತಗೋರಿ. ಮೂಗು ಒಣಗಿ ಹೋಗ್ತೈತಿ" ಅಂದಳು. ಆಮೇಲೆ ಬಾಗಿಲ ತನಕ ಬಂದು, "ಅಲ್ಲಿಂದ ಬಂದ ಮ್ಯಾಲೆ ಆದ್ರೂ ಡಾಕ್ಟರ ಹತ್ರ ಹೋಗೂಣ್ರಿ. ಬಚ್ಚಲಕ್ಕ ಹೋದ್ರ ಹೊರಗ ಬರೋದಾ ಇಲ್ಲ ನೀವು" ಎಂದು ನೆನಪಿಸಿದಳು.

ಕೆಲವು ತಿಂಗಳಿಂದ ನನಗೆ ಮೂತ್ರ ಹೊರಡಲು ತಡವಾಗುತ್ತಿತ್ತು. ನಿಂತು, ಕಾದು, ಕೆಮ್ಮಿ, ಆಮೇಲೆ ಸಣ್ಣಗೆ ಶುರುವಾಗುತ್ತಿತ್ತು. ವಯಸ್ಸಾಯಿತಲ್ಲ ಅಂದುಕೊಂಡಿದ್ದೆ. ನಮ್ಮ ಸ್ಟಾಫ್ ರೂಮಿನಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ವಿಷಯ ಯಾರೂ ಎತ್ತುವುದಿಲ್ಲ.

ಹಳದಿ ಗುಳಿಗೆ ನುಂಗಿಯೇ ಬಸ್ಸು ಹತ್ತಿದೆ. ಕಮಲಾಪುರ ದಾಟುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ಹೊಸಪೇಟೆ ಬಂದಾಗ ಕಂಡಕ್ಟರು ಭುಜ ಹಿಡಿದು ಎಬ್ಬಿಸಿದ. ಇಷ್ಟು ನಿದ್ದೆಗಣ್ಣಿನಲ್ಲಿ ಮತಯಂತ್ರ ಲೆಕ್ಕ ಹಾಕಿ ತೆಗೆದುಕೊಳ್ಳುವುದು ಹೇಗೆ ಎಂದು ದಿಗಿಲಾಯಿತು. ಸಂಡೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡ್ ಎದುರಿನ ಮೆಡಿಕಲ್ ಸ್ಟೋರಿಗೆ ಹೋಗಿ ಸೀನುತ್ತಲೇ ಕೇಳಿದೆ.

"ನೆಗಡಿಗೆ ಏನರ ಕೊಡ್ರಿ. ನಿದ್ದಿ ಬರಬಾರ್ದು ನೋಡ್ರಿ, ಎಲೆಕ್ಷನ್ ಡ್ಯೂಟಿ ಐತಿ."

ಅಂಗಡಿಯವ ಒಂದು ಪಟ್ಟಿ ಮುಂದಿಟ್ಟ. ಅದರ ಮೇಲೆ ತಲೆ ಹಿಡಿದುಕೊಂಡ ಮನುಷ್ಯನ ಚಿತ್ರವಿತ್ತು. "ಇದು ತಗೋರಿ. ಸ್ಟ್ರಾಂಗ್ ಐತಿ, ಜಲ್ದಿ ಹಿಡಿತೈತಿ. ನಿದ್ದಿ ಅಷ್ಟು ಬರಂಗಿಲ್ಲ. ಬಿಪಿ ಗಿಪಿ ಇಲ್ಲಲ್ರಿ?"

ಇಲ್ಲ ಎಂದೆ. ಬಿಪಿ ನಿಜವಾಗಿಯೂ ಇರಲಿಲ್ಲ. ಮನೆಯ ಗುಳಿಗೆ ಹಳದಿ, ಇದು ಬಿಳಿ. ಅದರ ಹೆಸರು ಒಂದು, ಇದರ ಹೆಸರು ಇನ್ನೊಂದು. ಅದು ಮೂಗಿಗೆ, ಇದು ತಲೆಗೆ ಎಂದು ನನ್ನಷ್ಟಕ್ಕೆ ನಾನೇ ಕೆಲಸ ಹಂಚಿಕೊಟ್ಟು ಅಲ್ಲೇ ಒಂದು ನುಂಗಿದೆ.

ಸಂಡೂರಿನ ಮೈದಾನದಲ್ಲಿ ಶಾಮಿಯಾನದ ಕೆಳಗೆ ನೂರಾರು ಜನ ತಮ್ಮ ತಮ್ಮ ತಂಡ ಹುಡುಕುತ್ತಿದ್ದರು. ನನ್ನ ಜೊತೆ ಎರಡನೆಯ ಜವಾಬ್ದಾರಿಯಲ್ಲಿದ್ದವರು ಕಂಪ್ಲಿ ತಾಲ್ಲೂಕಿನದೇ ಒಂದು ಹಳ್ಳಿಯ ಶಾಲೆಯ ಟೀಚರು. ನಲವತ್ತರ ಆಸುಪಾಸು, ಚುರುಕಿನ ಹೆಂಗಸು. ಇಂಥ ಡ್ಯೂಟಿ ಎಷ್ಟೋ ಮಾಡಿದವರು. ಯಂತ್ರದ ನಂಬರು ತಾಳೆ ನೋಡುವಾಗ ನನ್ನ ಮೂಗಿನ ಹನಿ ಕಾಗದದ ಮೇಲೆ ಬಿತ್ತು. ಅವರು ಕಾಗದ ಈಚೆ ಎಳೆದುಕೊಂಡು, ತಮ್ಮ ಚೀಲದಿಂದ ಕೆಂಪು ಸಿರಪ್ಪಿನ ಬಾಟಲಿ ತೆಗೆದರು.

"ಸರ, ಇದು ಎರಡು ಮುಚ್ಚಳ ಕುಡೀರಿ. ಗುಳಿಗಿಗಿಂತ ಸಿರಪ್ ಮಸ್ತ್. ಎದಿಗೆ ಇಳೀತೈತಿ. ನಮ್ ಮನ್ಯಾಗ ಎಲ್ಲಾರೂ ಇದಾ ಕುಡೀತಾರ."

ಕುಡಿದೆ. ಸಿಹಿಯಾಗಿತ್ತು. ಸಿರಪ್ಪು ಗಂಟಲಿಗೆ, ಎದೆಗೆ. ಬ್ಯಾಡ ಎನ್ನುವುದಕ್ಕೆ ನನ್ನಲ್ಲಿ ಕಾರಣವೇ ಇರಲಿಲ್ಲ.

ಸಂಜೆ ನಮ್ಮನ್ನು ಬಸ್ಸು ಆ ಹಳ್ಳಿಯ ಶಾಲೆಯ ಮುಂದೆ ಇಳಿಸಿತು. ಅದಿರಿನ ಧೂಳು ಕೂತು ಶಾಲೆಯ ಗೋಡೆ, ಬಾಗಿಲು, ಬೇವಿನ ಎಲೆ ಎಲ್ಲವೂ ಒಂದೇ ಬಣ್ಣವಾಗಿದ್ದವು. ಕಾವಲಿಗೆ ಬಂದಿದ್ದ ಪೇದೆ ನಮಗಿಂತ ಮೊದಲೇ ಅಲ್ಲಿದ್ದ. ನಿವೃತ್ತಿಗೆ ಹತ್ತಿರವಾದ, ದೊಡ್ಡ ಮೀಸೆಯ, ದನಿ ಏರಿಸದ ಮನುಷ್ಯ. ರೂಮು ಗುಡಿಸಿಸಿ, ಕೊಡದಲ್ಲಿ ನೀರು ತುಂಬಿಸಿ ಇಟ್ಟಿದ್ದ. ಊಟವಾದ ಮೇಲೆ ಹಳದಿಯದು ಒಂದು, ಬಿಳಿಯದು ಒಂದು ನುಂಗಿ, ಕೆಂಪು ಸಿರಪ್ಪು ಇನ್ನೊಂದು ಸಲ ಕುಡಿದು ಮಲಗಿದೆ. ಮೂಗು ಒಣಗಿತ್ತು. ನಾಲಿಗೆಯೂ ಒಣಗಿತ್ತು. ಬಾಯಿಯೊಳಗೆ ಕಾಗದ ಅಂಟಿಸಿದ ಹಾಗೆ. ಎಚ್ಚರವಾದಾಗಲೆಲ್ಲ ಎದ್ದು ಲೋಟಗಟ್ಟಲೆ ನೀರು ಕುಡಿದೆ.

ಬೆಳಗ್ಗೆ ಏಜೆಂಟರು ಬರುವ ಮೊದಲು ಶಾಲೆಯ ಹಿಂದಿನ ಶೌಚಾಲಯಕ್ಕೆ ಹೋದೆ. ಕೆಲವೇ ಹನಿ ಬಿದ್ದವು. ನೆಗಡಿಯಿಂದ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ತಿಳಿದು, ಬಂದು ಮತ್ತೆರಡು ಲೋಟ ಕುಡಿದೆ. ಈಗ ನೆನೆದರೆ ಮೈ ಜುಂ ಎನ್ನುತ್ತದೆ. ತುಂಬಿದ ಕೊಡದ ಬಾಯಿ ಕಟ್ಟಿ ಮೇಲಿನಿಂದ ಇನ್ನೂ ಸುರಿಯುತ್ತಿದ್ದೆ.

ಅಣಕು ಮತದಾನ ಮುಗಿಸಿ, ಯಂತ್ರ ತೆರವು ಮಾಡಿ, ಮೊಹರು ಹಾಕಿ ಮತದಾನ ಶುರು ಮಾಡಿದೆವು. ಗಣಿ ಕೆಲಸಕ್ಕೆ ಹೋಗುವವರು ಮೊದಲೇ ಬಂದು ಸಾಲು ನಿಂತಿದ್ದರು. ನನಗೆ ಮೈಕೈ ನೋವು. ಸುಡುತ್ತಿದ್ದ ಹಣೆಯನ್ನು ಅಂಗೈಯಿಂದ ಒತ್ತಿಕೊಳ್ಳುವುದನ್ನು ಪೇದೆ ಬಾಗಿಲಿನಿಂದಲೇ ನೋಡಿದ.

"ಸಾಹೇಬ್ರ, ಜ್ವರ ಬಂದಾವು ನಿಮಗ. ನನ್ ಹತ್ರ ಜ್ವರದ ಗುಳಿಗಿ ಐತಿ" ಎಂದು ಅಂಗಿಯ ಜೇಬಿನಿಂದ ಒಂದು ಬಿಳಿ ಗುಳಿಗೆ ಕೊಟ್ಟ. ಅದನ್ನೂ ನುಂಗಿದೆ. ಜೊತೆಗೆ ಹೊಸಪೇಟೆಯದನ್ನೂ ಇನ್ನೊಂದು.

ಬಿಸಿಲು ಏರುತ್ತಿದ್ದಂತೆ ಅವಸರವಾಯಿತು. ಟೀಚರಿಗೆ ಹೇಳಿ ಎದ್ದು ಹೋದೆ. ನಿಂತೆ. ಏನೂ ಇಲ್ಲ. ಕೆಮ್ಮಿದೆ, ಉಸಿರು ಬಿಗಿಹಿಡಿದೆ, ಹೊಟ್ಟೆ ಒತ್ತಿದೆ. ಹೊರಗೆ ಸಾಲಿನಲ್ಲಿದ್ದವರ ಮಾತು ಕೇಳುತ್ತಿತ್ತು. ಒಂದು ಹನಿಯೂ ಇಳಿಯಲಿಲ್ಲ. ವಾಪಸು ಬಂದು ಕೂತೆ. ಕೂತ ಕೂಡಲೇ ಮತ್ತೆ ಅವಸರ. ಮತ್ತೆ ಹೋದೆ, ಮತ್ತೆ ಬಂದೆ. ಏಜೆಂಟರಲ್ಲಿ ಒಬ್ಬ, "ಸರ ಮತ್ತ ಹೊಂಟ್ರು ನೋಡ್ಲೇ" ಎಂದು ಪಕ್ಕದವನಿಗೆ ಹೇಳಿ ನಕ್ಕದ್ದು ಕೇಳಿಸಿತು. ಆಮೇಲೆ ಏಳಲು ನಾಚಿಕೆಯಾಯಿತು.

ನಡುಹಗಲಿನ ಹೊತ್ತಿಗೆ ಅದು ಅವಸರವಾಗಿ ಉಳಿದಿರಲಿಲ್ಲ, ನೋವಾಗಿತ್ತು. ಹೊಕ್ಕುಳ ಕೆಳಗೆ ಗಟ್ಟಿಯಾದ ಒಂದು ಗುಂಡು ಕೈಗೆ ಸಿಗುತ್ತಿತ್ತು. ಪ್ಯಾಂಟಿನ ಗುಂಡಿ ಬಿಚ್ಚಿ ಅಂಗಿ ಮೇಲೆ ಎಳೆದುಕೊಂಡು ಕೂತೆ. ಊಟ ತಂದಿಟ್ಟರು, ಮುಟ್ಟಲಿಲ್ಲ. ಯಾರೋ ಮಜ್ಜಿಗೆ ಕೊಡಲು ಬಂದರು, ಅದನ್ನು ನೋಡಿಯೇ ಹೆದರಿದೆ. ಒಬ್ಬ ಮುದುಕಿ ಕಣ್ಣು ಕಾಣುವುದಿಲ್ಲ, ಮೊಮ್ಮಗಳು ಬಟನ್ ಒತ್ತುತ್ತಾಳೆ ಎಂದು ಬಂದಳು. ಅದಕ್ಕೆ ನಾನು ಒಂದು ನಮೂನೆ ತುಂಬಬೇಕು. ಪೆನ್ನು ಹಿಡಿದರೆ ಅಕ್ಷರ ಮೂಡುತ್ತಿಲ್ಲ. ಜೀವನವಿಡೀ ಹುಡುಗರಿಗೆ ಅಕ್ಷರ ತಿದ್ದಿಸಿದವನು ಆ ಮುದುಕಿಯ ಹೆಸರು ಬರೆಯಲು ಒದ್ದಾಡಿದೆ.

ಎದ್ದು ಹೊರಗೆ ಬಂದು ಪೇದೆಯನ್ನು ಗೋಡೆಯ ಮರೆಗೆ ಕರೆದೆ. ಗಂಡಸಿಗೆ ಹೇಳುವುದೂ ಕಷ್ಟವೇ ಆಯಿತು.

"ಒಂದಾ ಆಗವಲ್ದು. ಮುಂಜಾನಿಂದ ಹನಿ ಬಿದ್ದಿಲ್ಲ. ಜೀವ ಹೋಗ್ತೈತಿ" ಎಂದೆ.

ಆತ ನಗಲಿಲ್ಲ. "ಬರ್ರಿ" ಎಂದು ಕೊಡದಿಂದ ಒಂದು ಬಕೆಟ್ಟು ನೀರು ತುಂಬಿಕೊಂಡು ಶೌಚಾಲಯದ ಹೊರಗೆ ನಿಂತ. "ನೀವು ಒಳಗ ನಿಂದ್ರಿ. ನಾ ಇಲ್ಲಿ ನೀರು ಬಿಡ್ತೀನಿ. ಸಪ್ಪಳ ಕೇಳ್ರಿ, ಬರ್ತೈತಿ. ಸಣ್ ಹುಡುಗ್ರಿಗೆ ಹಿಂಗಾ ಮಾಡ್ತೀವಲ್ಲ."

ಒಳಗೆ ನಾನು ತಗಡಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದೆ. ಹೊರಗೆ ಆ ಮನುಷ್ಯ ಖಾಕಿ ಬಟ್ಟೆಯಲ್ಲಿ, ಚೊಂಬಿನಿಂದ ಬಕೆಟ್ಟಿಗೆ ಮೆಲ್ಲಗೆ ನೀರು ಹೊಯ್ಯುತ್ತಿದ್ದ. ಹೊಯ್ದ ನೀರನ್ನೇ ಮತ್ತೆ ಎತ್ತಿ ಹೊಯ್ಯುತ್ತಿದ್ದ. "ಬಂತೇನ್ರಿ?" "ಇಲ್ಲ." "ಅವಸರ ಮಾಡಬ್ಯಾಡ್ರಿ." ಆ ಸಪ್ಪಳ ಕೇಳಿದಷ್ಟೂ ಒಳಗಿನ ಒತ್ತಡ ಹೆಚ್ಚಾಯಿತೇ ಹೊರತು ದಾರಿ ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಯೇ ಕುಕ್ಕರಿಸಿ ಕೂತು, ದೇವರೇ ಇದೊಂದು ಬಿಡಿಸು, ಬೇರೇನೂ ಕೇಳುವುದಿಲ್ಲ ಎಂದು ಬೇಡಿಕೊಂಡೆ.

ಎದ್ದು ಬರುವಾಗ ಪೇದೆ ನನ್ನ ತೋಳು ಹಿಡಿದಿದ್ದ. "ಸಾಹೇಬ್ರ, ದವಾಖಾನಿಗೆ ಹೋಗಬೇಕು ನೀವು. ಸೆಕ್ಟರ್ ಸಾಹೇಬ್ರಿಗೆ ಫೋನ್ ಮಾಡ್ರಿ" ಎಂದ. ಸುತ್ತಲಿನ ಮತಗಟ್ಟೆಗಳ ಮೇಲ್ವಿಚಾರಣೆ ಅವರದು.

ಬ್ಯಾಡ ಎಂದೆ. ಮತದಾನ ಮುಗಿಯಲು ಇನ್ನೂ ಹೊತ್ತಿದೆ, ತಡೆದುಕೊಳ್ಳುತ್ತೇನೆ ಎಂದೆ. ಬೂತು ಬಿಟ್ಟು ಹೋದ ಅಧಿಕಾರಿ ಎಂದು ನಾಳೆ ನೋಟಿಸು ಬಂದರೆ? ಕಾರಣ ಏನೆಂದು ಬರೆಯಲಿ? ಆ ಕಾಗದ ಎಷ್ಟು ಮೇಜು ದಾಟುತ್ತದೆ, ಎಷ್ಟು ಜನ ಓದಿ ನಗುತ್ತಾರೆ? ನೋವಿಗಿಂತ ಅದೇ ದೊಡ್ಡದಾಗಿ ಕಂಡಿತು. ವಾಪಸು ಕುರ್ಚಿಗೆ ಬಂದು ಕೂತೆ. ಕೂರಲು ಆಗಲಿಲ್ಲ. ಮೇಜಿನ ಎರಡು ಅಂಚು ಹಿಡಿದು ಅರ್ಧ ನಿಂತೆ. ಬೆವರು ತೊಟ್ಟಿಕ್ಕಿ ರಿಜಿಸ್ಟರಿನ ಮೇಲೆ ಬೀಳುತ್ತಿತ್ತು.

ಟೀಚರು ಕೈಯಲ್ಲಿದ್ದ ಮತದಾರರ ಪಟ್ಟಿ ಕೆಳಗಿಟ್ಟು ನನ್ನ ಹತ್ತಿರ ಬಂದರು. ಏಜೆಂಟರಿಗೆ ಕೇಳದ ಹಾಗೆ, "ಎದಿ ನೋವೇನ್ರಿ ಸರ?" ಎಂದರು.

ಅಲ್ಲ ಎಂದು ತಲೆ ಆಡಿಸಿದೆ. ಬಾಗಿಲಲ್ಲಿದ್ದ ಪೇದೆಯನ್ನು ನೋಡಿದೆ. ಆತ ನನ್ನ ಪರವಾಗಿ ಹೇಳಿಬಿಟ್ಟ.

"ಸಾಹೇಬ್ರಿಗೆ ಮುಂಜಾನಿಂದ ಒಂದಾ ಆಗಿಲ್ರಿ, ಮೇಡಮ್."

ನಾನು ನೆಲ ನೋಡಿದೆ. ಟೀಚರಿಗೆ ಮುಜುಗರವಾಗಲಿಲ್ಲ, ಸಿಟ್ಟು ಬಂತು.

"ಅಯ್ಯ, ಇಷ್ಟ್ ಹೊತ್ತು ಯಾಕ್ರಿ ಸುಮ್ನ ಕುಂತ್ರಿ? ನಮ್ಮಪ್ಪಗೂ ಹಿಂಗಾ ಆಗಿತ್ತು. ಹೇಳಾಕ ನಾಚಿಕೊಂಡು ಕುಂತಿದ್ದ, ಆಮ್ಯಾಲೆ ಕಿಡ್ನಿಗೆ ಏರಿತ್ತು. ಫೋನ್ ಕೊಡ್ರಿ ಇಲ್ಲಿ. ಬೂತ್ ನಾ ನೋಡ್ಕೋತೀನಿ. ಅದಕ್ಕಾ ಅಲ್ಲೇನ್ರಿ ನನ್ನ ಹಾಕಿರೋದು?"

ಅವರೇ ಸೆಕ್ಟರ್ ಅಧಿಕಾರಿಗೆ ಫೋನು ಮಾಡಿದರು. ಅವರೇ ಮತಗಟ್ಟೆಯ ಡೈರಿಯಲ್ಲಿ ಬರೆದರು. "ತೀವ್ರ ಅನಾರೋಗ್ಯ" ಎಂದಷ್ಟೇ ಬರೆದು ನನ್ನ ಸಹಿಗೆ ತಿರುಗಿಸಿದರು. ಸಹಿ ಹಾಕಿದೆ. ಇಷ್ಟೇ ಸಾಕಾಗಿತ್ತು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

ಸೆಕ್ಟರ್ ಅಧಿಕಾರಿ ಯುವಕ. ಆತನ ಜೀಪಿನ ಹಿಂದಿನ ಸೀಟಿನಲ್ಲಿ ನಾನು ಮಲಗಲೂ ಆಗದೆ, ಕೂರಲೂ ಆಗದೆ, ಮಂಡಿಯೂರಿ ಮುಂದಿನ ಸೀಟನ್ನು ತಬ್ಬಿಕೊಂಡಿದ್ದೆ. ಸಂಡೂರಿಗೆ ಇಳಿಯುವ ರಸ್ತೆಯಲ್ಲಿ ಅದಿರಿನ ಲಾರಿಗಳು. ಹಿಂದಿಕ್ಕಲು ಜಾಗವಿಲ್ಲ. ಒಂದೊಂದು ಗುಂಡಿಗೂ ಒಳಗೆ ಏನೋ ಹರಿದ ಹಾಗಾಗಿ ಕೂಗುತ್ತಿದ್ದೆ. ಮುಂದೆ ಕೂತ ಯುವಕ ಫೋನಿನಲ್ಲಿ ಮತಗಟ್ಟೆಗಳ ಲೆಕ್ಕ ಒಪ್ಪಿಸುತ್ತಿದ್ದ. ನಾನು ಕೂಗಿದಾಗ ಫೋನು ಮುಚ್ಚಿ ಹಿಡಿದು, "ಸಾರಿ ಸರ, ಸಾರಿ" ಎನ್ನುತ್ತಿದ್ದ, ಗುಂಡಿ ತಾನೇ ತೋಡಿದವನ ಹಾಗೆ. ಒಂದು ಹಂತದಲ್ಲಿ ನಾನು ಡ್ರೈವರಿಗೆ ಗಾಡಿ ನಿಲ್ಲಿಸು, ಇಲ್ಲೇ ಇಳಿಸಿಬಿಡು ಎಂದೆನಂತೆ. ಯಾಕೆಂದು ಕೇಳಿದರೆ, ಲಾರಿಗೆ ಬೀಳುತ್ತೇನೆ ಎಂದೆನಂತೆ. ಅದು ನನಗೆ ನೆನಪಿಲ್ಲ. ಆ ಯುವಕ ಆಮೇಲೆ ಹೇಳಿದ್ದು.

ಸಂಡೂರಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಮೂವತ್ತು ಇರಬಹುದು. ಹೊಟ್ಟೆ ಒಂದು ಸಲ ಮುಟ್ಟಿದ ಕೂಡಲೇ, "ಕ್ಯಾಥೆಟರ್ ತಗೊಂಬರ್ರಿ, ಜಲ್ದಿ" ಎಂದು ಕೂಗಿದರು. ನನ್ನನ್ನು ಮಲಗಿಸಿ ಪರದೆ ಎಳೆದರು. ಕೊಳವೆ ಹಾಕುವಾಗ ಆದ ಉರಿಯನ್ನು ವರ್ಣಿಸುವುದಿಲ್ಲ. ಆಮೇಲೆ ಚೀಲದೊಳಗೆ ಬೀಳುವ ಸಪ್ಪಳ ಶುರುವಾಯಿತು. ನಿಲ್ಲಲೇ ಇಲ್ಲ ಅದು. ಹೊಟ್ಟೆ ಇಳಿಯುತ್ತಾ, ಇಳಿಯುತ್ತಾ, ನನಗೆ ಬೆನ್ನು ಇದೆ, ಕಾಲು ಇದೆ, ಈ ಕೋಣೆಗೆ ಕಿಟಕಿ ಇದೆ ಎನ್ನುವುದೆಲ್ಲ ಒಂದೊಂದಾಗಿ ತಿಳಿಯತೊಡಗಿತು. ಡಾಕ್ಟರ ಕೈ ಹಿಡಿದು ಮಗುವಿನ ಹಾಗೆ ಅತ್ತೆ.

ಸ್ವಲ್ಪ ಹೊತ್ತಿನ ನಂತರ ಅವರು ಸ್ಟೂಲು ಎಳೆದುಕೊಂಡು ಕೂತರು. "ಏನೇನು ಗುಳಿಗಿ ತಗೊಂಡ್ರಿ, ನೆನ್ನಿಯಿಂದ?"

ಬ್ಯಾಗು ತೋರಿಸಿದೆ. ಹಳದಿ ಪಟ್ಟಿ, ತಲೆ ಹಿಡಿದುಕೊಂಡವನ ಚಿತ್ರದ ಪಟ್ಟಿ, ಟೀಚರು ನನಗೇ ಕೊಟ್ಟುಬಿಟ್ಟಿದ್ದ ಕೆಂಪು ಬಾಟಲಿ ತೆಗೆದರು. ಪೇದೆಯ ಜ್ವರದ ಗುಳಿಗೆಯ ಬಗ್ಗೆ ಬಾಯಲ್ಲಿ ಹೇಳಿದೆ. ಅವರು ಮೂರನ್ನೂ ಸ್ಟೀಲಿನ ಟ್ರೇಯಲ್ಲಿ ಬೆನ್ನು ಮೇಲಾಗಿ ಇಟ್ಟು, ಬೆಳಕಿಗೆ ಹಿಡಿದು ಓದಿದರು.

"ಇಲ್ಲಿ ನೋಡ್ರಿ ಮೇಷ್ಟ್ರ. ಹೆಸರು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರ ಓದ್ರಿ."

ನನ್ನ ಕನ್ನಡಕ ಹಾಕಿಸಿದರು. ಹಳದಿ ಗುಳಿಗೆಯ ಬೆನ್ನಿಗೆ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್, ಪ್ಯಾರಾಸಿಟಮಾಲ್ ಎಂದಿತ್ತು. ಹೊಸಪೇಟೆಯ ಗುಳಿಗೆಯಲ್ಲಿ ಮತ್ತೆ ಫಿನೈಲೆಫ್ರಿನ್, ಮತ್ತೆ ಪ್ಯಾರಾಸಿಟಮಾಲ್. ಅದರ ಜೊತೆ ನಿದ್ದೆ ಬರದಿರಲಿ ಎಂದು ಕಾಫಿಯಲ್ಲಿರುವ ಕೆಫೀನು, ಮತ್ತು ಡೈಫೆನ್‌ಹೈಡ್ರಮಿನ್ ಎನ್ನುವ ಇನ್ನೊಂದು. ಕೆಂಪು ಸಿರಪ್ಪಿನಲ್ಲಿ ಕೆಮ್ಮಿಗೊಂದು ಔಷಧ, ಅದರ ಪಕ್ಕ ಮತ್ತದೇ ಕ್ಲೋರ್‌ಫೆನಿರಮಿನ್, ಮತ್ತದೇ ಫಿನೈಲೆಫ್ರಿನ್.

"ಈ ಡೈಫೆನ್‌ಹೈಡ್ರಮಿನ್ ಬ್ಯಾರೆ ಅಲ್ಲೇನ್ರಿ?" ಎಂದು ಕೇಳಿದೆ.

"ಹೆಸರಿಗೆ ಬ್ಯಾರೆ. ಕ್ಲೋರ್‌ಫೆನಿರಮಿನ್ ಜಾತೀದಾ ಅದು. ಎರಡೂ ಸೋರೋದನ್ನ ಒಣಗಸ್ತಾವು. ಮೂಗು ಅಷ್ಟಾ ಒಣಗಸ್ರಿ ಅಂದ್ರ ಕೇಳಂಗಿಲ್ಲ. ಬಾಯಿ ಒಣಗಸ್ತಾವು, ನಿಮ್ಮ ಮೂತ್ರದ ಚೀಲಕ್ಕ ಹಿಂಡೋ ಶಕ್ತಿ ಕಡಿಮಿ ಮಾಡ್ತಾವು. ಇನ್ನ ಫಿನೈಲೆಫ್ರಿನ್ ಮೂಗಿನ ರಕ್ತನಾಳ ಬಿಗಿ ಮಾಡ್ತೈತಿ, ಅದಕ್ಕಾ ಕಟ್ಟಿದ ಮೂಗು ಬಿಡ್ತೈತಿ. ಆದ್ರ ಅದು ಚೀಲದ ಬಾಯೀನೂ ಬಿಗಿ ಮಾಡ್ತೈತಿ. ನಿಮಗ ಮೂತ್ರದ ದಾರಿ ಸುತ್ತ ಇರೋ ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗಿರಬೇಕು, ದಾರಿ ಮೊದಲಾ ಸಣ್ಣದಾಗಿತ್ತು. ಹಿಂಡೋದು ನಿಂತು, ಬಾಯಿ ಬಿಗೀತು. ಅಷ್ಟಾ."

"ನಾನು ನಾಕು ಥರದ ಔಷಧ ಅಂದ್ಕೊಂಡಿದ್ದೆ" ಎಂದೆ.

"ನೀವು ಒಂದಾ ಔಷಧ ನಾಕು ಹೆಸರಿನಾಗ ತಗೊಂಡೀರಿ. ಪ್ಯಾರಾಸಿಟಮಾಲೂ ಮೂರು ಕಡೆಯಿಂದ ಹೋಗೈತಿ. ಇನ್ನ ಎರಡು ದಿನ ಹಿಂಗಾ ನುಂಗಿದ್ರ ಲಿವರಿಗೆ ಬರ್ತಿತ್ತು." ಅವರು ಬೈಯುತ್ತಿರಲಿಲ್ಲ. ದಣಿದಿದ್ದರು. "ಒಂದು ಗುಳಿಗಿಂದ ಬಹುಶಃ ಏನೂ ಆಗ್ತಿರ್ಲಿಲ್ಲ. ಅದೂ ಗ್ಯಾರಂಟಿ ಇಲ್ಲ" ಎಂದರು.

ಸಂಜೆ ಟೀಚರ ಫೋನು ಬಂತು. ಮತದಾನ ಮುಗಿದು, ಯಂತ್ರ ಒಪ್ಪಿಸಲು ಬಸ್ಸಿನಲ್ಲಿ ಸಂಡೂರಿಗೆ ಬರುತ್ತಿದ್ದರು. ಎಲ್ಲ ಸರಿಯಾಗಿದೆ, ಚಿಂತೆ ಬ್ಯಾಡ ಎಂದರು. ಆಮೇಲೆ ದನಿ ಇಳಿಸಿ, "ನಮ್ ಸಿರಪ್‌ನಿಂದ ಏನರ ಆತೇನ್ರಿ ಸರ?" ಎಂದು ಕೇಳಿದರು. ಏನು ಹೇಳಲಿ? ನನ್ನ ಹೊಟ್ಟೆಯಲ್ಲಿ ಮೊದಲೇ ಎರಡು ಇದ್ದವು, ನಿಮ್ಮದು ಮೂರನೆಯದು ಎಂದೆ. ಅವರು ತಮ್ಮ ಅಪ್ಪನಿಗೂ ಅದನ್ನೇ ಕೊಡುತ್ತಿದ್ದರಂತೆ.

ಮರುದಿನ ಹೆಂಡತಿ ಬಂದಳು. ಮಂಚಕ್ಕೆ ನೇತುಹಾಕಿದ ಚೀಲ ನೋಡಿ ಸೆರಗು ಬಾಯಿಗೆ ಒತ್ತಿದಳು. "ನಾನಾ ಕೊಟ್ಟೆ. ನನ್ ಕೈಯಾರೆ ಕೊಟ್ಟೆ" ಎಂದು ಅದನ್ನೇ ಹೇಳಿದಳು. ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ.

ನಮ್ಮನ್ನು ಹೊಸಪೇಟೆಯ ತಜ್ಞರ ಹತ್ತಿರ ಕಳಿಸಿದರು. ಅವರು ಸ್ಕ್ಯಾನು ಮಾಡಿ, ಪ್ರಾಸ್ಟೇಟ್ ದಪ್ಪವಾಗಿದೆ, ಕ್ಯಾನ್ಸರಿನ ಲಕ್ಷಣ ಕಾಣುತ್ತಿಲ್ಲ ಎಂದರು. ದಾರಿ ಸಡಿಲ ಮಾಡುವ ಮಾತ್ರೆ ಬರೆದರು. ಕೊಳವೆ ಕೆಲವು ದಿನ ಇರಲಿ, ಆಮೇಲೆ ತೆಗೆದು ನೋಡೋಣ ಎಂದರು. ಕಂಪ್ಲಿಗೆ ಬಂದೆ. ಚೀಲವನ್ನು ಲುಂಗಿಯೊಳಗೆ ತೊಡೆಗೆ ಕಟ್ಟಿಕೊಂಡು ಮನೆಯೊಳಗೇ ಓಡಾಡಿದೆ. ನೋಡಲು ಬಂದ ಸಹೋದ್ಯೋಗಿಗಳಿಗೆ ಬೆನ್ನುನೋವು ಎಂದು ಹೇಳಿಸಿದೆವು.

ಹೇಳಿದ ದಿನ ಹೋದೆವು. ಕೊಳವೆ ತೆಗೆದರು. ನೀರು ಕುಡಿಸಿದರು. ಮಧ್ಯಾಹ್ನದ ತನಕ ಕಾದೆವು. ಬರಲಿಲ್ಲ. ಅದೇ ಗಟ್ಟಿ ಗುಂಡು, ಅದೇ ಬೆವರು, ಆ ಶಾಲೆಯ ತಗಡಿನ ಬಾಗಿಲಿಗೇ ವಾಪಸು ನನ್ನನ್ನು ನಿಲ್ಲಿಸಿದಂತೆ. ಮತ್ತೆ ಕೊಳವೆ ಹಾಕಿದರು. "ಇನ್ನೊಂದ್ ಸಲ ನೋಡೋಣ. ಆಗಲಿಲ್ಲ ಅಂದ್ರ ಆಪರೇಷನ್" ಎಂದರು.

ಆಪರೇಷನ್ ಮಾಡಿದರೂ ಸರಿಹೋಗದಿದ್ದರೆ ಎಂಬುದೇ ತಲೆಯಲ್ಲಿ ಉಳಿಯಿತು. ಬಸ್ಸಿನಲ್ಲಿ ಹೆಂಡತಿ ಕೈ ಹಿಡಿಯಲು ಬಂದರೆ ಎಳೆದುಕೊಂಡೆ. ಮನೆಯಲ್ಲಿ ಮಾತು ಬಿಟ್ಟೆ. ಉಳಿದ ಆಯುಷ್ಯವೆಲ್ಲ ಈ ಚೀಲ ಹೊತ್ತುಕೊಂಡು, ತರಗತಿಯಲ್ಲಿ ಹುಡುಗರ ಮುಂದೆ ನಿಲ್ಲುವುದು ಹೇಗೆ ಎಂದು ಯೋಚಿಸಿ ಯೋಚಿಸಿ, ರಾಜೀನಾಮೆಯ ಸಾಲುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಒಂದು ನೆಗಡಿಗೆ ಇಷ್ಟು ದಂಡವೇ ಎಂದು ಗೋಡೆಯನ್ನು ಕೇಳುತ್ತಿದ್ದೆ.

ಒಂದು ಮಧ್ಯಾಹ್ನ ಹೆಂಡತಿ ಅಡುಗೆಮನೆಯ ಔಷಧದ ಡಬ್ಬಿಯನ್ನು ತಂದು ನನ್ನ ಹಾಸಿಗೆಯ ಮೇಲೆ ಸುರಿದಳು. "ಇದನ್ನೆಲ್ಲಾ ಒಗೀತೀನಿ ನಾನು. ಯಾವದು ಏನಂತ ಓದಿ ಹೇಳ್ರಿ" ಎಂದಳು. ಕನ್ನಡಕ ಸಾಲದೆ ಭೂತಗನ್ನಡಿ ಹುಡುಕಿದೆವು. ನಾನು ಓದಿದೆ, ಅವಳು ಬೇರೆ ಬೇರೆ ಗುಂಪಾಗಿ ಇಟ್ಟಳು. ಕೆಂಪು, ನೀಲಿ, ಹಸಿರು ಪಟ್ಟಿಗಳು, ಒಂದರ ಮೇಲೆ ಮಿಂಚಿನ ಚಿತ್ರ, ಒಂದರ ಮೇಲೆ ಹಿಮದ ಗುಡ್ಡ. ಬೆನ್ನು ತಿರುಗಿಸಿದರೆ ಹೆಚ್ಚು ಕಡಿಮೆ ಎಲ್ಲದರಲ್ಲೂ ಅವೇ ಮೂರು. ಒಂದರಲ್ಲಿ ಮಾತ್ರ ಬರೀ ಪ್ಯಾರಾಸಿಟಮಾಲ್ ಇತ್ತು. ಇನ್ನೊಂದರಲ್ಲಿ ಸೀನಿಗೆ ಕೊಡುವ ಸೆಟ್ರಿಜಿನ್ ಒಂದೇ.

"ಎಲ್ಲಾ ಒಂದಾ ಅಂದ್ರ ಇಷ್ಟೊಂದು ಹೆಸರು ಯಾಕ್ರಿ?" ಎಂದಳು.

ಎಷ್ಟೋ ದಿನದ ಮೇಲೆ ನಾವಿಬ್ಬರೂ ಕೂತು ಮಾತಾಡಿದ್ದು ಅಂದೇ. ಅವಳು ಪ್ಯಾರಾಸಿಟಮಾಲ್ ಮಾತ್ರ ಡಬ್ಬಿಗೆ ವಾಪಸು ಹಾಕಿದಳು. ಸೆಟ್ರಿಜಿನ್ ಕೂಡ ನಿಮ್ಮಂಥವರು ಕೇಳಿಯೇ ತಗೋಬೇಕು ಎಂದು ಆಮೇಲೆ ಡಾಕ್ಟರು ಹೇಳಿದರು.

ಎರಡನೆಯ ಸಲ ಕೊಳವೆ ತೆಗೆಸಲು ಹೊಸಪೇಟೆಗೆ ಹೋದೆವು. ಕೊಳವೆ ತೆಗೆದ ನರ್ಸು, "ಕುಂದ್ರಬ್ಯಾಡ್ರಿ, ಅಡ್ಡಾಡ್ರಿ" ಎಂದಳು. ಹೆಂಡತಿಯೂ ನಾನೂ ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ಹೋಗಿ ಬಂದು ಮಾಡಿದೆವು. ಅಲ್ಲಿ ಬೆಂಚಿನ ಮೇಲೆ ಪಂಚೆಯುಟ್ಟ ಒಬ್ಬ ಮುದುಕ ಚೀಲ ಹಿಡಿದು ಕೂತಿದ್ದ. ಗಾದಿಗನೂರಿನವನಂತೆ. "ನಿಮ್ದೂ ಅದಾ ಏನ್ರಿ?" ಎಂದು ಕೇಳಿದ. ಹೌದು ಎಂದೆ. ಅಪರಿಚಿತನೊಬ್ಬನಿಗೆ ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು.

ಅವಸರವಾಯಿತು. ಒಳಗೆ ಹೋಗಿ ನಿಂತೆ. ಕಣ್ಣು ಮುಚ್ಚಿದೆ. ಬರಲಿಲ್ಲ. ಗೋಡೆ ಹಿಡಿದೆ. ಇನ್ನು ಆಗುವುದಿಲ್ಲ, ನರ್ಸಿಗೆ ಹೇಳಿಬಿಡೋಣ ಎಂದು ತಿರುಗುವಷ್ಟರಲ್ಲಿ ಒಂದು ಉರಿ, ಅದರ ಹಿಂದೆ ಒಂದು ಹನಿ, ಆಮೇಲೆ ತಡೆತಡೆದು ಒಂದು ಸಣ್ಣ ಧಾರೆ. ನಿಂತಿತು. ಮತ್ತೆ ಬಂತು. ಅಲುಗಾಡಿದರೆ ನಿಂತುಹೋದೀತು ಎಂದು ಉಸಿರು ಕೂಡ ಮೆಲ್ಲಗೆ ಬಿಟ್ಟೆ.

ಬಾಗಿಲು ತೆರೆದಾಗ ಹೆಂಡತಿ ಎದುರಿಗೇ ನಿಂತಿದ್ದಳು. "ಬಂತೇನ್ರಿ?" ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಬಂತು" ಎಂದು ನಾನೂ ಅಷ್ಟೇ ಜೋರಾಗಿ ಹೇಳಿದೆ.

ಬೆಂಚಿನ ಮೇಲಿದ್ದ ಮುದುಕ ಎರಡೂ ಕೈ ಮೇಲೆತ್ತಿ ಮುಗಿದ. ಹೆಂಡತಿ ಗೋಡೆಗೆ ಒರಗಿ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು. ನಾನೂ ಅವಳ ಪಕ್ಕ ಕೂತೆ.